ದೀಪವಿಲ್ಲದ ಊರುಗಳು

ನಮ್ಮ ಕಂದಾಯದ ಕಡತಗಳಲ್ಲಿ ‘ಬೇಚಿರಾಕ್ ಗ್ರಾಮ’ ಎಂಬ ಮಾತೊಂದುಂಟು. ಪಾರಸಿಯಲ್ಲಿ ‘ಚಿರಾಗ್’ ಎಂದರೆ ದೀಪ. ‘ಬೇ’ ಎಂದರೆ ಇಲ್ಲದ್ದು. ಸಂಜೆಗೆ ದೀಪ ಹಚ್ಚುವವರಿಲ್ಲದ ಊರು ಎಂದು ಅದರ ಅರ್ಥ. ಒಣ ಲೆಕ್ಕದ ಪುಸ್ತಕದಲ್ಲಿ ಇಷ್ಟು ಕರುಣೆಯ ಮಾತು ಹೇಗೆ ಬಂದು ಸೇರಿತೋ ಎಂದು ಆಶ್ಚರ್ಯವಾಗುತ್ತದೆ. ಇಂಥ ಊರುಗಳು ಒಂದೆರಡಲ್ಲ. 2011ರ ಜನಗಣತಿಯಂತೆ ಕರ್ನಾಟಕದ 29,340 ಗ್ರಾಮಗಳಲ್ಲಿ ಜನವಸತಿಯಿದ್ದವು 27,397. ಉಳಿದ ಸುಮಾರು ಎರಡು ಸಾವಿರ ಗ್ರಾಮಗಳಿಗೆ ಹೆಸರುಂಟು, ಎಲ್ಲೆಯುಂಟು. ಒಕ್ಕಲು ಮಾತ್ರ ಇಲ್ಲ.

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಇಂದಿಗೂ ತುಂಬಿದ ಊರು, ಹೋಬಳಿಯ ಮುಖ್ಯಸ್ಥಾನ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಈ ಸೀಮೆಯ ಹೊಳೆ. ಒಂದು ಕಾಲದಲ್ಲಿ ಇದು ಪಾಳೆಯಗಾರರ ನೆಲೆಯಾಗಿತ್ತು. ಕಂಚಿಯ ಕಡೆಯಿಂದ ಬಂಡಿ ಹೂಡಿಕೊಂಡು ಬಂದು, ದೇವನಹಳ್ಳಿಯ ಸಮೀಪದ ಆವತಿಯಲ್ಲಿ ನಿಂತ ಸೋದರರ ಸಂತತಿಯವರೇ ಇಲ್ಲಿಯೂ ಆಳಿದರೆಂದು ಐತಿಹ್ಯ. ಬಂದು ನೆಲೆಸಿದವರ ಕಥೆಯನ್ನು ನಾಡು ಹೀಗೆ ಜೋಪಾನವಾಗಿ ಕಾಪಾಡಿದೆ. ಆದರೆ ಇದೇ ನೆಲವನ್ನು ಬಿಟ್ಟು ಹೋದವರ ಕಥೆ? ಅದನ್ನು ಹೇಳುವ ಶಾಸನವಿಲ್ಲ, ಬಖೈರಿಲ್ಲ.

ಊರುಗಳು ಬರಿದಾಗಲು ಕಾರಣಗಳು ಹಲವು. ಮೊದಲನೆಯದು ದಂಡು. ನೆರೆಯ ಶಿರಾ 1687ರಿಂದ ಮೊಗಲರ ಸುಬೆಯ ರಾಜಧಾನಿ. 1761ರಲ್ಲಿ ಹೈದರನ ಕೈಸೇರಿತು. ನಡುನಡುವೆ ಮರಾಠರ ದಂಡು ಬಂದಿತು. ಟಿಪ್ಪುವಿನ ಕಾಲದಲ್ಲಿ ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ, ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಸಾಗಿಸಿದರೆಂದು ಗೆಜೆಟಿಯರು ಹೇಳುತ್ತದೆ. ಪಟ್ಟಣದ ಪಾಡೇ ಹೀಗಾದರೆ ದಂಡಿನ ದಾರಿಯಲ್ಲಿದ್ದ ಹಳ್ಳಿಗಳ ಪಾಡನ್ನು ಬೇರೆ ಹೇಳಬೇಕೆ?

ಎರಡನೆಯದು ಬರ. 1876ರಿಂದ 1878ರವರೆಗೆ, ಜನ ‘ಧಾತು ಈಶ್ವರದ ಬರ’ವೆಂದು ನೆನೆಯುವ ಆ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಬಯಲುಸೀಮೆ ಬೆಂದುಹೋಯಿತು. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 41,86,188ಕ್ಕೆ ಇಳಿಯಿತು. ಮೂರನೆಯದು ರೋಗ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. ಜನ ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹೂಡಿದರು. ಹಾಗೆ ಹೊರಟವರೆಲ್ಲರೂ ಹಳೆಯ ಮನೆಗೆ ಮರಳಲಿಲ್ಲ.

ಆದರೆ ಊರು ಸಾಯಬೇಕಾದರೆ ಅಲ್ಲಿನ ಜನರೆಲ್ಲರೂ ಸಾಯಬೇಕಾಗಿಲ್ಲ ಎಂಬುದನ್ನು ನಾವು ಗಮನಿಸಬೇಕು. ಹಳ್ಳಿಯೆಂಬುದು ಹನ್ನೆರಡು ಮಂದಿ ಆಯಗಾರರನ್ನು ನೆಚ್ಚಿ ನಿಂತ ಕೂಟ. ಕಮ್ಮಾರನಿಲ್ಲದೆ ನೇಗಿಲಿಗೆ ಕುಳವಿಲ್ಲ. ನೀರಗಂಟಿಯಿಲ್ಲದೆ ಗದ್ದೆಗೆ ನೀರಿಲ್ಲ. ತಳವಾರನಿಲ್ಲದೆ ಪೈರಿಗೆ ಕಾವಲಿಲ್ಲ. ಕೆರೆಯ ಏರಿ ಕಿತ್ತುಹೋದರೆ ಮಣ್ಣು ಹೊರಲು ನೂರು ಕೈ ಬೇಕು. ಹತ್ತೇ ಮನೆ ಉಳಿದಾಗ ಆ ಏರಿಯನ್ನು ಕಟ್ಟುವವರಾರು? ಉಳಿದವರು ದನಕರುಗಳನ್ನು ಹೊಡೆದುಕೊಂಡು ಪಕ್ಕದ ದೊಡ್ಡ ಊರನ್ನು ಸೇರಿದರು. ಅಲ್ಲಿಂದಲೇ ಬಂದು ತಮ್ಮ ಹಳೆಯ ಹೊಲಗಳನ್ನು ಉತ್ತರು. ಮೈಸೂರಿನಲ್ಲಿ 1863ರಲ್ಲಿ ಆರಂಭವಾದ ಕಂದಾಯದ ಮೋಜಣಿ ಎಲ್ಲೆಕಲ್ಲುಗಳನ್ನು ನೆಟ್ಟು ಗ್ರಾಮಗಳ ಹೆಸರುಗಳನ್ನು ಕಡತಕ್ಕೆ ಏರಿಸಿತು. ಒಕ್ಕಲು ಎದ್ದರೂ ಹೆಸರು ಉಳಿಯಿತು.

ಹೆಸರಿನೊಡನೆ ಉಳಿದವು ಇನ್ನೂ ಕೆಲವು. ಹಾಳು ದಿಬ್ಬದ ಮೇಲೆ ಮಡಕೆಯ ಚೂರು, ಒಂಟಿ ಹುಣಿಸೆಯ ಮರ, ಮಣ್ಣು ತುಂಬಿದ ಬಾವಿ, ಮೋರೆ ಸವೆದ ವೀರಗಲ್ಲು. ಊರು ಹುಟ್ಟುವಾಗ ಮೊದಲು ನೆಟ್ಟು ಪೂಜಿಸಿದ ಕರುವುಗಲ್ಲು ಊರು ಹೋದ ಮೇಲೂ ಹಾಗೆಯೇ ನಿಂತಿರುತ್ತದೆ. ಎಂದೋ ಎದ್ದುಹೋದ ವಂಶದವರು ವರ್ಷಕ್ಕೊಮ್ಮೆ ಬಂದು ಹಳೆಯ ಗ್ರಾಮದೇವತೆಗೆ ತಂಬಿಟ್ಟಿನ ಆರತಿ ಬೆಳಗುವುದೂ ಉಂಟು. ಆ ಒಂದು ದಿನ ಊರು ಬೇಚಿರಾಕ್ ಅಲ್ಲ.

ಇದಕ್ಕೆ ವಿಪರೀತವಾದ ದೃಶ್ಯವೂ ನಮ್ಮ ಕಣ್ಣಮುಂದೆಯೇ ಇದೆ. ಎಷ್ಟೋ ಹಟ್ಟಿಗಳಲ್ಲಿ, ತಾಂಡಾಗಳಲ್ಲಿ ತಲೆಮಾರುಗಳಿಂದ ದೀಪ ಉರಿಯುತ್ತಿದ್ದರೂ ಕಡತದಲ್ಲಿ ಅವುಗಳಿಗೆ ಹೆಸರಿರಲಿಲ್ಲ; ಈಚೆಗೆ ಸರ್ಕಾರ ಅವುಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸತೊಡಗಿದೆ. ಒಂದು ಕಡೆ ಜನರಿಲ್ಲದ ಹೆಸರು, ಇನ್ನೊಂದು ಕಡೆ ಹೆಸರಿಲ್ಲದ ಜನ. ಚರಿತ್ರೆಯು ಅರಸರನ್ನಷ್ಟೇ ನೆನೆದು ಒಕ್ಕಲನ್ನು ಮರೆತಾಗ ಉಂಟಾಗುವ ಅನ್ಯಾಯದ ಎರಡು ಮುಖಗಳಿವು.

ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ಅವರು 1904ರಲ್ಲಿ ಅಚ್ಚು ಹಾಕಿಸಿದರು. ಕಲ್ಲಿನ ಮೇಲೆ ಬರೆದದ್ದಕ್ಕೆ ಹೀಗೆ ರಕ್ಷಣೆ ದೊರೆಯಿತು. ನಾಲಿಗೆಯ ಮೇಲಷ್ಟೇ ಉಳಿದಿರುವುದನ್ನು ಕಾಪಾಡುವವರಾರು? ಈ ಸೀಮೆಯ ಉಪಾಧ್ಯಾಯರೂ ವಿದ್ಯಾರ್ಥಿಗಳೂ ತಮ್ಮ ಹೋಬಳಿಯ ಬೇಚಿರಾಕ್ ಗ್ರಾಮಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಒಂದು ಭಾನುವಾರ ನಡೆದುಬರಲಿ. ಯಾರು ಇದ್ದರು, ಏಕೆ ಎದ್ದರು, ಎಲ್ಲಿಗೆ ಹೋದರು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರವನ್ನು ಬರೆದಿಡಲಿ. ಹೇಳಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಊರಿನ ದೀಪ ಆರಿದ್ದು ಒಂದು ಸಾವು. ಅದರ ನೆನಪೂ ಆರಿಹೋದರೆ ಅದು ಎರಡನೆಯ ಸಾವು. ಮೊದಲನೆಯದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಎರಡನೆಯದನ್ನು ತಡೆಯುವುದು ನಮ್ಮ ಕೈಯಲ್ಲಿದೆ.