ತೊರವಿ ದಾರಿಯ ಎತ್ತಿದ ಕೈಗಳು

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟ ಅಥಣಿ ರಸ್ತೆ ತೊರವಿ ದಾಟುವ ಹೊತ್ತಿಗೆ ಊರಿನ ಗದ್ದಲ ಹಿಂದೆ ಬೀಳುತ್ತದೆ. ಎಡಬಲಕ್ಕೆ ಹೊಲ, ದ್ರಾಕ್ಷಿ ಪಡ, ನಡುನಡುವೆ ಒಣದ್ರಾಕ್ಷಿ ಶೆಡ್ಡು. ಈ ದಾರಿಯಲ್ಲಿ ಎದುರುಬದುರಾಗುವ ಪಿಕಪ್ ಗಾಡಿಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಲ್ಲಿ. ಒಂದನ್ನೊಂದು ಹಾಯುವ ಮುನ್ನ ಇಬ್ಬರು ಚಾಲಕರ ಕೈಯೂ ಮೇಲೇಳುತ್ತದೆ. ಗುರುತಿನವನಾದರೆ ಕಿಟಕಿಯಿಂದ ಹೊರಬಂದ ಪೂರ್ತಿ ಅಂಗೈ, ಅಪರಿಚಿತನಾದರೆ ಸ್ಟೇರಿಂಗ್ ಬಿಡದೆ ಎತ್ತಿದ ನಾಲ್ಕು ಬೆರಳು. ಇದಿಷ್ಟಕ್ಕೆ ಒಂದು ಕ್ಷಣವೂ ಹಿಡಿಯುವುದಿಲ್ಲ.

ಪಟ್ಟಣಕ್ಕೆ ಬೇಕಾದ್ದನ್ನು ಕಳಿಸಿಕೊಡುವುದು ತೊರವಿಗೆ ಹೊಸ ಕೆಲಸವಲ್ಲ. ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರದ ಬಾವಿ, ಹೌದುಗಳಿಗೆ ನೀರು ನೆಲದೊಳಗಿನ ಸುರಂಗದಲ್ಲಿ ಹರಿದು ಬಂದದ್ದು ಈ ಕಡೆಯಿಂದಲೇ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ್ದೂ ಇಲ್ಲಿಯೇ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು, ನರಸಿಂಹನ ಊರು, ಈಗ ಮಹಿಳಾ ವಿಶ್ವವಿದ್ಯಾಲಯದ ಊರು. ಇಂದು ಇದೇ ದಾರಿಯಲ್ಲಿ ತರಕಾರಿ, ಹಾಲು, ಮೇವು, ಲಿಂಬಿ, ದಾಳಿಂಬೆ, ದ್ರಾಕ್ಷಿಗಳನ್ನು ಪಟ್ಟಣಕ್ಕೆ ಮುಟ್ಟಿಸುವುದು ಪಿಕಪ್.

ಈ ಪುಟ್ಟ ಗಾಡಿಗಳು ಹಳ್ಳಿಯ ಬದುಕಿಗೆ ಬಂದು ಬಹಳ ವರ್ಷವಾಗಿಲ್ಲ. ಟಾಟಾ ಏಸ್ ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್, ಮುಕ್ಕಾಲು ಟನ್ ಭಾರ. ದೊಡ್ಡ ಲಾರಿ ಹೊರಳದ ಹೊಲದ ದಾರಿಯಲ್ಲಿ ಅದು ಹೊರಳಿತು. ಅದಕ್ಕಿಂತ ಹೆಚ್ಚು ಹೇರಬೇಕಾದವರು ಬೊಲೆರೊ ಪಿಕಪ್ ಕೊಂಡರು. ಬ್ಯಾಂಕಿನ ಸಾಲ, ತಿಂಗಳ ಕಂತು, ಹಳದಿ ಬೋರ್ಡು. ಎರಡು ಎಕರೆ ಒಣಬೇಸಾಯದ ಮನೆಯ ಹುಡುಗನೊಬ್ಬ ಮಾಲಕನೂ ಡ್ರೈವರನೂ ಆದ. ಹಮಾಲ ಸಿಗದ ದಿನ ಹೇರುವವನೂ ಅವನೇ.

ಕೈ ಎತ್ತುವ ಈ ರೂಢಿಯ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ. ದೊಡ್ಡ ಲಾರಿಯಲ್ಲಿ ಕ್ಲೀನರ್ ಇರುತ್ತಾನೆ. ಸಾರಿಗೆ ಸಂಸ್ಥೆಯ ಬಸ್ಸಿಗೆ ಕಂಡಕ್ಟರ್ ಇದ್ದಾನೆ, ಕೆಟ್ಟು ನಿಂತರೆ ಡಿಪೋದಿಂದ ಮೆಕ್ಯಾನಿಕ್ ಬರುತ್ತಾನೆ. ಪಿಕಪ್‌ನವನು ಒಬ್ಬನೇ. ಇಳಿಹೊತ್ತಿನಲ್ಲಿ ಬಾಬಾನಗರದ ಆಚೆ ಟೈರು ಒಡೆದರೆ, ಗಾಡಿ ತುಂಬ ಹಸಿ ದ್ರಾಕ್ಷಿಯ ಕ್ರೇಟು ಇದ್ದರೆ, ಜಾಕ್ ಕೈಕೊಟ್ಟರೆ, ಅವನ ಪಾಲಿಗೆ ಇರುವುದು ಎದುರಿಗೆ ಬರುವ ಇನ್ನೊಂದು ಪಿಕಪ್ ಮಾತ್ರ. ಆ ಗಾಡಿ ನಿಲ್ಲುತ್ತದೆ. “ಏನಾತ್ರಿ ಅಣ್ಣಾರ? ಪಾನಾ ಬೇಕೇನ್ರಿ?” ಎಂಬ ಮಾತು ಇಂಥ ಹೊತ್ತಿನಲ್ಲಿ ಈ ಭಾಗದಲ್ಲಿ ಕೇಳಿಬರುವಂಥದ್ದು. ಹೆಸರು, ಊರು ಕೇಳುವುದು ಸ್ಟೆಪ್ನಿ ಹಾಕಿದ ಮೇಲೆ, ಚಾ ಕುಡಿಯುವಾಗ. ದಿನವೂ ಎತ್ತುವ ಕೈ ಇಂಥ ಒಂದು ಗಳಿಗೆಗಾಗಿ ಕಟ್ಟಿಟ್ಟುಕೊಳ್ಳುವ ನಂಟು.

ನಮ್ಮ ಗಾಡಿಗಳಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಎದುರುಬದುರಾದ ಇಬ್ಬರ ಕಿಟಕಿಗಳು ಒಂದನ್ನೊಂದು ಸವರಿಕೊಂಡೇ ಹೋಗುತ್ತವೆ. ಮುಖ ಕಾಣುತ್ತದೆ, ಕೈ ಕಾಣುತ್ತದೆ. ಆದ್ದರಿಂದ ಆ ಕೈ ನಮಸ್ಕಾರದ ಜೊತೆಗೆ ಸುದ್ದಿಯನ್ನೂ ಹೇಳುತ್ತದೆ. ಅಂಗೈ ಕೆಳಮುಖ ಮಾಡಿ ಗಾಳಿಯನ್ನು ಒತ್ತಿದರೆ ಮುಂದೆ ಏನೋ ಇದೆ, ಸಾವಕಾಶ ಬಾ ಎಂದರ್ಥ. ಕುರಿ ಹಿಂಡಿರಬಹುದು, ಕೆಟ್ಟು ನಿಂತ ಟ್ರ್ಯಾಕ್ಟರ್ ಇರಬಹುದು, ಅಪಘಾತವೇ ಆಗಿರಬಹುದು. ಬೆರಳು ಕೆಳಗೆ ಚಕ್ರದತ್ತ ತೋರಿಸಿದರೆ ನಿನ್ನ ಟೈರು ನೋಡಿಕೋ. ಹಿಂದಕ್ಕೆ ತೋರಿಸಿದರೆ ತಾಡಪತ್ರಿ ಹಾರುತ್ತಿದೆ, ಇಲ್ಲವೇ ಹಗ್ಗ ಸಡಿಲಾಗಿದೆ. ಐದು ಬೆರಳು ಕೂಡಿಸಿ ಬಿಚ್ಚಿ ತೋರಿಸಿದರೆ ಹಗಲಲ್ಲಿ ನಿನ್ನ ಹೆಡ್‌ಲೈಟ್ ಉರಿಯುತ್ತಿದೆ. ರಾತ್ರಿ ಈ ಎಲ್ಲ ಮಾತನ್ನೂ ಡಿಪ್ಪರ್ ಆಡಬೇಕು.

ಇವುಗಳಲ್ಲಿ ಕೆಲವು ಕಾನೂನಿನ ಪುಸ್ತಕದಲ್ಲೂ ಇದ್ದವು. 1989ರ ರಸ್ತೆ ನಿಯಮಗಳು ಚಾಲಕನ ಬಲಗೈಗೆ ಪೂರ್ತಿ ಒಂದು ಪಾಠವನ್ನೇ ಕೊಟ್ಟಿದ್ದವು: ನಿಧಾನಿಸುವಾಗ ಅಂಗೈ ಕೆಳಗೆ ಮಾಡಿ ತೋಳನ್ನು ಮೇಲೆ ಕೆಳಗೆ ಆಡಿಸಬೇಕು, ನಿಲ್ಲಿಸುವಾಗ ಮುಂಗೈ ನೆಟ್ಟಗೆ ಎತ್ತಬೇಕು, ಹಿಂದಿನವನಿಗೆ ದಾರಿ ಬಿಡುವಾಗ ತೋಳು ಚಾಚಿ ಹಿಂದೆಮುಂದೆ ಬೀಸಬೇಕು. ಇಂಡಿಕೇಟರ್ ಬಂದ ಮೇಲೆ ಪಟ್ಟಣದ ಚಾಲಕರು ಅದನ್ನೆಲ್ಲ ಮರೆತರು. ಪಿಕಪ್‌ನವರು ಮರೆಯಲಿಲ್ಲ, ಅದಕ್ಕೆ ತಮ್ಮದನ್ನೂ ಸೇರಿಸಿಕೊಂಡರು.

ಈ ನಂಟಿನ ಬಿಗಿ ಕಾಣಬೇಕೆಂದರೆ ಎರಡು ಹಂಗಾಮು ನೋಡಬೇಕು. ಮೊದಲನೆಯದು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ. ದನದ ಜಾತ್ರೆ ತೊರವಿಯ ಬಯಲಲ್ಲಿ ನೆರೆಯುತ್ತದೆ. ಹಿಂದೆ ನಡೆಸಿಕೊಂಡು ಬರುತ್ತಿದ್ದ ಕಿಲಾರಿ ಎತ್ತುಗಳು ಈಗ ಪಿಕಪ್ಪಿನಲ್ಲಿ ಬರುತ್ತವೆ. ಎತ್ತನ್ನು ಗಾಡಿಗೆ ಹತ್ತಿಸುವುದು ಒಬ್ಬನಿಂದಾಗುವ ಕೆಲಸವಲ್ಲ. ಗಾಡಿಯ ಬೆನ್ನನ್ನು ದಿಬ್ಬಕ್ಕೆ ಹಚ್ಚಿ ನಿಲ್ಲಿಸಬೇಕು, ಕಾಲು ಜಾರದಂತೆ ಒಳಗೆ ಮಣ್ಣು, ಕಣಿಕಿ ಹಾಸಬೇಕು, ಒಬ್ಬ ಮುಂದೆ ಹಗ್ಗ ಹಿಡಿದರೆ ಇನ್ನಿಬ್ಬರು ಪಕ್ಕಕ್ಕೆ ನಿಲ್ಲಬೇಕು. ಪಕ್ಕದ ಗಾಡಿಯವರು ಕರೆಯದೆಯೇ ಬರುತ್ತಾರೆ. ಮಾರಾಟವಾದ ಜೋಡಿಯನ್ನು ಕೊಂಡವರ ಊರಿಗೆ ಒಯ್ಯುವಾಗ ಬ್ರೇಕಿನ ಮೇಲೆ ಎಷ್ಟು ಮೆತ್ತಗೆ ಕಾಲಿಡಬೇಕು, ತಿರುವಿನಲ್ಲಿ ಎಷ್ಟು ತಡೆಯಬೇಕು ಎಂಬುದನ್ನು ಹಳಬರು ಹೊಸಬರಿಗೆ ಕಲಿಸುವುದೂ ಇಲ್ಲಿಯೇ. ಯಾವ ಡ್ರೈವಿಂಗ್ ಶಾಲೆಯೂ ಇದನ್ನು ಕಲಿಸುವುದಿಲ್ಲ.

ಎರಡನೆಯದು ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ದ್ರಾಕ್ಷಿ ಕಟಾವು. ಟಿಕೋಟಾ, ಬಬಲೇಶ್ವರ ತಾಲ್ಲೂಕುಗಳ ದ್ರಾಕ್ಷಿಯಲ್ಲಿ ದೊಡ್ಡ ಪಾಲು ಒಣದ್ರಾಕ್ಷಿಯಾಗುತ್ತದೆ. ಕಡಿದ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿದರೆ ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತವೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಅಷ್ಟರಲ್ಲಿ ಅಕಾಲದ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಆದ್ದರಿಂದ ಮೋಡ ಕಂಡ ದಿನ ಒಬ್ಬ ರೈತನಿಗೆ ಒಂದು ಗಾಡಿ ಸಾಲುವುದಿಲ್ಲ. ಬಂದ ಚಾಲಕ ತನ್ನ ದೋಸ್ತರಿಗೆ ಫೋನು ಹಚ್ಚುತ್ತಾನೆ, ಗಾಡಿಗಳು ಬಂದು ನಿಲ್ಲುತ್ತವೆ. ಮಾಲು ವಿಜಯಪುರದ ಎಪಿಎಂಸಿಗೆ, ಕೋಲ್ಡ್ ಸ್ಟೋರೇಜಿಗೆ, ಗಡಿಯಾಚೆಯ ತಾಸಗಾಂವ, ಸಾಂಗಲಿಗೂ ಹೋಗುತ್ತದೆ. ಜತ್ತ ಭಾಗದ ಗಾಡಿ ಎದುರಾದರೆ ಮಾತು “ರಾಮ್ ರಾಮ್ ಪಾವ್ಣಾ” ಆಗುತ್ತದೆ. ಇತ್ತಲಿಂದ ಶರಣ್ರಿ, ನಮಸ್ಕಾರ್ರಿ, ಸಲಾಂ ಯಾವುದೂ ಹೊರಡಬಹುದು. ಎತ್ತುವ ಕೈ ಎಲ್ಲಕ್ಕೂ ಒಂದೇ. ಗಡಿಯ ತಕರಾರು ಅಷ್ಟೊಂದು ಕೇಳಿದ ನಮಗೆ ಈ ಕೈಯನ್ನು ನೋಡುವುದು ಸಮಾಧಾನ ಕೊಡುತ್ತದೆ.

ಬಾಡಿಗೆಗೆ ಕಾಯುತ್ತ ಪಿಕಪ್‌ಗಳು ನಿಲ್ಲುವ ಸ್ಟ್ಯಾಂಡಿನಲ್ಲೂ ಕಟ್ಟಳೆಗಳಿವೆ. ಪಾಳಿ ಪ್ರಕಾರ ಬಾಡಿಗೆ, ಇನ್ನೊಬ್ಬನ ದರ ಮುರಿಯಬಾರದು, ದೂರ ಹೋದವನಿಗೆ ಖಾಲಿ ಬರುವ ಪಾಳಿ ಬಾರದಂತೆ ಅಲ್ಲಿನವರು ರಿಟರ್ನ್ ಬಾಡಿಗೆ ಹುಡುಕಿಕೊಡಬೇಕು. ಖಂಡೇನವಮಿಗೆ ಗಾಡಿಗಳನ್ನೆಲ್ಲ ತೊಳೆದು ಸಾಲಾಗಿ ನಿಲ್ಲಿಸಿ ಪೂಜೆ, ಮರುದಿನ ಬನ್ನಿ. ವರ್ಷವಿಡೀ ಬಾಡಿಗೆಗಾಗಿ ಪೈಪೋಟಿ ನಡೆಸಿದವರು ಅಂದು ಬಂಗಾರ ಕೊಟ್ಟು ಅಪ್ಪಿಕೊಳ್ಳುತ್ತಾರೆ.

ಒಪ್ಪಲಾಗದ್ದೂ ಇದೆ. ಮುಂದೆ ತಪಾಸಣೆ ನಡೆದಿದೆ ಎಂದು ಡಿಪ್ಪರ್ ಹೊಡೆದು ಎಚ್ಚರಿಸುವುದನ್ನು ನಾನು ಸ್ನೇಹವೆನ್ನಲಾರೆ. ಮಿತಿಮೀರಿ ಹೇರಿದವನಿಗೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000. ಬಡ ಮಾಲಕನಿಗೆ ಅದು ಎರಡು ತಿಂಗಳ ಕಂತು ಎಂಬುದು ಗೊತ್ತು. ಆದರೆ ಬ್ರೇಕು ಹಿಡಿಯದ ಭಾರ ಅವನನ್ನೇ ಮೊದಲು ಕೊಲ್ಲುತ್ತದೆ. ಕೈ ಎತ್ತುವ ಗೆಳೆಯ ಹೇರು ಕಡಿಮೆ ಮಾಡೆಂದು ಹೇಳುವವನೂ ಆಗಬೇಕು.

ಆಸ್ಟ್ರೇಲಿಯಾದ ಒಳನಾಡಿನಲ್ಲೂ ಅಮೆರಿಕದ ಹೊಲಗಳ ನಡುವಿನ ರಸ್ತೆಗಳಲ್ಲೂ ಪಿಕಪ್‌ನವರು ಸ್ಟೇರಿಂಗಿನಿಂದ ಬೆರಳೆತ್ತುತ್ತಾರೆ. ಎಲ್ಲೆಡೆ ಇದು ಕಿರುದಾರಿಯ ಸಂಪ್ರದಾಯ. ಸೊಲ್ಲಾಪುರ–ವಿಜಯಪುರ ಚತುಷ್ಪಥದಲ್ಲಿ 2021ರ ಫೆಬ್ರುವರಿಯಲ್ಲಿ 25.54 ಕಿ.ಮೀ. ಉದ್ದದ ಒಂದು ಲೇನಿಗೆ 18 ಗಂಟೆಯಲ್ಲಿ ಡಾಂಬರು ಹಾಕಿದ್ದು ದಾಖಲೆಯಾಯಿತು. ಒಳ್ಳೆಯ ರಸ್ತೆ, ಬೇಕಾದದ್ದೇ. ಅಲ್ಲಿ ಎದುರಿನ ಗಾಡಿ ಡಿವೈಡರಿನ ಆಚೆಗೆ ಇರುತ್ತದೆ, ಕೈ ಮೇಲೇಳುವುದಿಲ್ಲ. ನಮ್ಮ ಸುತ್ತಲಿನ ಹಳ್ಳಿದಾರಿಗಳಲ್ಲಿ ಮಾತ್ರ ಅದು ಉಳಿಯುತ್ತದೆ.

ಒಬ್ಬರಿಗೊಬ್ಬರು ನೆರವಾಗುವ ಈ ಜನರಿಗೆ ಕಾನೂನಿನ ಆಸರೆಯೂ ತಡವಾಗಿ ಬರುತ್ತಿದೆ. 7,500 ಕಿಲೋ ಒಳಗಿನ ಸರಕು ಗಾಡಿಯನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಖಚಿತಪಡಿಸಿತು. ಬ್ಯಾಡ್ಜ್ ಇಲ್ಲವೆಂದು ವಿಮೆ ತಡೆಯುವ ತಕರಾರಿಗೆ ಅಲ್ಲಿಗೆ ತೆರೆ ಬಿತ್ತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನಿಗೆ ರಕ್ಷಣೆ ಕೊಡುವ 134ಎ ಕಲಂ ಮೋಟಾರು ವಾಹನ ಕಾಯ್ದೆಗೆ 2019ರಲ್ಲೇ ಸೇರಿದೆ. ಹಾಗಾಗಿ ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಪಿಕಪ್‌ನವರು ಅಂಜಬೇಕಾಗಿಲ್ಲ. ಚಾಲಕರು, ಕ್ಲೀನರ್‌ಗಳು, ಗ್ಯಾರೇಜ್ ಕೆಲಸಗಾರರಿಗಾಗಿ ರಾಜ್ಯ ಸರಕಾರ 2024ರಲ್ಲಿ ಸಾಮಾಜಿಕ ಭದ್ರತೆಯ ಕಾನೂನು ಮಾಡಿದೆ, ಕಾರ್ಮಿಕ ಇಲಾಖೆಯಡಿ ಅದಕ್ಕೆಂದೇ ಮಂಡಳಿಯೂ ಇದೆ. ಆದರೆ ಹೆಸರು ನೋಂದಾಯಿಸದವರಿಗೆ ಅದರಿಂದ ಏನೂ ಸಿಗದು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಪಿಕಪ್ ಓಡಿಸುವವರಿದ್ದರೆ ಡ್ರೈವಿಂಗ್ ಲೈಸೆನ್ಸು, ಆಧಾರ್ ಕೈಗೆ ಕೊಟ್ಟು ಈ ವಾರವೇ ಕಾರ್ಮಿಕ ಇಲಾಖೆಯ ಕಚೇರಿಗೆ ಕಳಿಸಿ.