ಮೀನುಗಾರರ ದೋಣಿಯಲ್ಲಿ ನೀರು ದಾಟುವವರಿಗೆ ಲೈಫ್ ಜಾಕೆಟ್: ಖರೀದಿಗೆ ಮುನ್ನ ಗ್ರಾಮ ಪಂಚಾಯತಿಗಳು ಗಮನಿಸಬೇಕಾದ ಸಂಗತಿಗಳು

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಕಿತ್ತೂರು ತಾಲೂಕಿನ ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲೂಕಿನ ಸಂಗೊಳ್ಳಿ ಮುಂತಾದ ಊರುಗಳ ದಡವನ್ನು ಹಾಯ್ದು, ಸವದತ್ತಿ ತಾಲೂಕಿನ ಮುನವಳ್ಳಿ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ರಾಮದುರ್ಗದ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಜಲಾಶಯದ ಗರಿಷ್ಠ ಮಟ್ಟ 2079.50 ಅಡಿ, ಸಂಗ್ರಹ ಸಾಮರ್ಥ್ಯ 37.73 ಟಿ.ಎಂ.ಸಿ. ಈ ಮಟ್ಟಕ್ಕೆ ನೀರು ಏರಿದಾಗ ಹಿನ್ನೀರು ತಗ್ಗುಗಳನ್ನೆಲ್ಲ ಹೊಕ್ಕು, ಬೇಸಿಗೆಯಲ್ಲಿ ಕಾಲ್ನಡಿಗೆಯ ದಾರಿಯಾಗಿದ್ದ ಜಾಗವೇ ಮಳೆಗಾಲದಲ್ಲಿ ಆಳವಾದ ನೀರಾಗುತ್ತದೆ. ರಸ್ತೆಯ ಸುತ್ತು ದೂರವಾದಲ್ಲಿ ಆಚೆ ದಡದ ಹೊಲಕ್ಕೆ, ಬಂಧುಗಳ ಊರಿಗೆ ಹೋಗುವವರಿಗೆ ಮೀನುಗಾರರ ಚಿಕ್ಕ ದೋಣಿ ಅಥವಾ ಹರಗೋಲೇ ಹತ್ತಿರದ ದಾರಿ.

ಈ ದೋಣಿಗಳನ್ನು ಮಾಡಿರುವುದು ಬಲೆ ಬೀಸುವುದಕ್ಕೆ, ಜನರನ್ನು ಸಾಗಿಸುವುದಕ್ಕಲ್ಲ. ಇಬ್ಬರು ಮೀನುಗಾರರು, ಒಂದು ಬಲೆ, ಒಂದು ಬುಟ್ಟಿ ಮೀನು ಎಂಬ ಲೆಕ್ಕದಲ್ಲಿ ಸಿದ್ಧವಾದ ದೋಣಿಯನ್ನು ಆರು ಜನ, ಎರಡು ಗೊಬ್ಬರದ ಚೀಲ, ಒಂದು ಆಡು ಏರಿದರೆ ಅದರ ಅಂಚು ನೀರಿನ ಮಟ್ಟಕ್ಕೆ ಸಮೀಪಿಸುತ್ತದೆ. ಹರಗೋಲಿನ ಮಾತಂತೂ ಬೇರೆಯೇ: ಒಬ್ಬರು ಎದ್ದು ನಿಂತರೆ ಭಾರಕೇಂದ್ರ ಮೇಲೇರುತ್ತದೆ, ಮೂವರು ಒಂದೇ ಬದಿಗೆ ವಾಲಿದರೆ ಆ ಬದಿ ನೀರು ಕುಡಿಯುತ್ತದೆ. ಆಷಾಢದ ಗಾಳಿಗೆ ವಿಶಾಲವಾದ ಹಿನ್ನೀರಿನಲ್ಲಿ ಏಳುವ ತೆರೆ ದಡದಿಂದ ನೋಡಿದವರಿಗೆ ಅಷ್ಟಾಗಿ ಕಾಣುವುದಿಲ್ಲ.

ಮೀನಿನ ದೋಣಿಯಲ್ಲಿ ಜನ ಏರಿದಾಗ ಏನಾಗಬಹುದೆಂಬುದಕ್ಕೆ ಉದಾಹರಣೆಗಳು ದೂರದವಲ್ಲ. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಗುಚಿ 22 ಜನರನ್ನು ಬಲಿ ತೆಗೆದುಕೊಂಡ ದೋಣಿಯು ಮೂಲತಃ ಮೀನುಗಾರಿಕೆಯದಾಗಿದ್ದು, ಪ್ರವಾಸಿಗರಿಗಾಗಿ ಮಾರ್ಪಡಿಸಿದ್ದಾಗಿತ್ತು. ನಮ್ಮ ರಾಜ್ಯದಲ್ಲಿಯೇ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಹೋಗಿದ್ದ ಭಕ್ತರ ದೋಣಿ ಮಗುಚಿ 16 ಜನ ತೀರಿಕೊಂಡರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಕೊನೆಯದು ಸಮುದ್ರವೂ ಅಲ್ಲ, ಪ್ರವಾಹದ ನದಿಯೂ ಅಲ್ಲ. ಊರಿನೊಳಗಿನ ಒಂದು ಕೆರೆ. ಮೂರೂ ಕಡೆ ಸಾಮರ್ಥ್ಯ ಮೀರಿ ಜನ ಏರಿದ್ದರು, ಹೆಚ್ಚಿನವರ ಮೈಮೇಲೆ ಜಾಕೆಟ್ ಇರಲಿಲ್ಲ.

ಇದು ಪಂಚಾಯತಿಯ ಕೆಲಸವೇ ಎಂಬ ಪ್ರಶ್ನೆ ಸಭೆಯಲ್ಲಿ ಏಳುವುದು ಸಹಜ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪೈಕಿ 5ನೆಯದು ಮೀನುಗಾರಿಕೆ. 13ನೆಯದರಲ್ಲಿ ರಸ್ತೆ, ಸೇತುವೆಗಳ ಜೊತೆಗೆ ಕಡವು ಮತ್ತು ಜಲಮಾರ್ಗಗಳೂ ಸೇರಿವೆ. 2021ರ ಒಳನಾಡು ಹಡಗುಗಳ ಅಧಿನಿಯಮವು ಯಂತ್ರವಿಲ್ಲದ ದೋಣಿಗಳನ್ನು ಗುರುತಿಸಿ ನೋಂದಾಯಿಸುವ ಅಧಿಕಾರವನ್ನು ರಾಜ್ಯ ಸರ್ಕಾರವು ಜಿಲ್ಲಾ, ತಾಲೂಕು ಹಾಗೂ ಗ್ರಾಮ ಮಟ್ಟದ ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ಅವಕಾಶ ನೀಡಿದೆ. ಆ ವಹಿಸುವಿಕೆ ಆಗುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ತನ್ನ ವ್ಯಾಪ್ತಿಯ ಯಾವ ದಡದಲ್ಲಿ ಎಷ್ಟು ದೋಣಿಗಳು ಜನರನ್ನು ದಾಟಿಸುತ್ತಿವೆ, ಯಾವ ತಿಂಗಳುಗಳಲ್ಲಿ, ದಿನಕ್ಕೆ ಸುಮಾರು ಎಷ್ಟು ಜನ, ಅವರಲ್ಲಿ ಮಕ್ಕಳೆಷ್ಟು ಎಂಬ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಕುಳಿತು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು. ಈ ಪಟ್ಟಿಯಿಲ್ಲದೆ ಖರೀದಿಗೆ ಇಳಿದ ಕಡೆ ಬೇಡದ ಅಳತೆಯ ಜಾಕೆಟ್‌ಗಳು ಕಚೇರಿಯ ಅಟ್ಟ ಸೇರುತ್ತವೆ.

ಜಾಕೆಟ್ ಕೆಲಸ ಮಾಡುವ ಬಗೆ

ಮನುಷ್ಯನ ದೇಹದ ಸಾಂದ್ರತೆ ನೀರಿಗೆ ಬಹಳ ಹತ್ತಿರ. ಶ್ವಾಸಕೋಶದಲ್ಲಿ ಗಾಳಿ ತುಂಬಿರುವಾಗ ದೇಹ ಬಹುತೇಕ ತೇಲುತ್ತದೆ. ಉಸಿರು ಬಿಟ್ಟಾಗ ಇಳಿಯುತ್ತದೆ. ತೊಂದರೆ ಬರುವುದು ತಲೆಯನ್ನು ನೀರಿನ ಮೇಲೆ ಎತ್ತಿಹಿಡಿಯಬೇಕಾದಾಗ. ನೀರಿನಿಂದ ಹೊರಬಂದ ಭಾಗಕ್ಕೆ ನೀರಿನ ಆಸರೆ ಇರುವುದಿಲ್ಲ. ಸುಮಾರು 4ರಿಂದ 5 ಕೆ.ಜಿ. ತೂಗುವ ತಲೆಯ ಭಾರವನ್ನು ಕೈಕಾಲು ಬಡಿದೇ ಹೊರಬೇಕು. ಜಾಕೆಟ್ ಹೊರುವುದು ಇದೇ ಭಾರವನ್ನು. ಆದ್ದರಿಂದ ಅದರ ಬಲವನ್ನು ನ್ಯೂಟನ್ ಎಂಬ ಮಾನದಲ್ಲಿ ಅಳೆಯುತ್ತಾರೆ. 10 ನ್ಯೂಟನ್ ಎಂದರೆ ಸ್ಥೂಲವಾಗಿ ಒಂದು ಕೆ.ಜಿ. ಭಾರವನ್ನು ಎತ್ತುವ ಬಲ.

ಐ.ಎಸ್.ಓ. 12402 ಎಂಬ ಅಂತರರಾಷ್ಟ್ರೀಯ ಮಾನಕವು 50, 100, 150 ಮತ್ತು 275 ಎಂಬ ನಾಲ್ಕು ಮಟ್ಟಗಳನ್ನು ಹೇಳುತ್ತದೆ. ಇವುಗಳಲ್ಲಿ 50 ಎಂಬುದು ಈಜು ಬಲ್ಲವರಿಗೆ, ದಡವೂ ಸಹಾಯವೂ ಹತ್ತಿರವಿರುವಲ್ಲಿಗೆ ಮಾತ್ರ. ಅದು ತೇಲಿಸುತ್ತದೆ, ಆದರೆ ಪ್ರಜ್ಞೆ ತಪ್ಪಿ ಬೋರಲು ಬಿದ್ದವರನ್ನು ಮುಖ ಮೇಲಾಗುವಂತೆ ತಿರುಗಿಸುವ ಹೊಣೆ ಅದಕ್ಕಿಲ್ಲ. ಕುತ್ತಿಗೆಯ ಹಿಂದೆ ಕಾಲರಿನಂಥ ಭಾಗವಿದ್ದು, ಎದೆಯ ಭಾಗದಲ್ಲಿ ಹೆಚ್ಚು ಫೋಮ್ ಇರುವ 100 ನ್ಯೂಟನ್ ಜಾಕೆಟ್ ಶಾಂತ ನೀರಿನಲ್ಲಿ ಹಾಗೆ ತಿರುಗಿಸಿ ಬಾಯಿ ಮೂಗನ್ನು ಮೇಲಿಡುವಂತೆ ರೂಪಿತವಾಗಿದೆ. ಹೊಲಕ್ಕೆ ಹೋಗುವ ಮಹಿಳೆ, ವೃದ್ಧ, ಶಾಲೆಯ ಮಗು ಇವರಾರೂ ಈಜು ಬಲ್ಲವರೆಂದು ಭಾವಿಸಲಾಗದು. ಹೀಗಾಗಿ ಪ್ರಯಾಣಿಕರಿಗೆ ಕೊಳ್ಳುವುದಾದರೆ 100ಕ್ಕಿಂತ ಕಡಿಮೆಯದನ್ನು ದರ ಎಷ್ಟೇ ಅಗ್ಗವಿದ್ದರೂ ಪರಿಗಣಿಸಬಾರದು. ದರಪಟ್ಟಿ ತರಿಸಿದಾಗ ಎಲ್ಲಕ್ಕಿಂತ ಕೆಳಗಿನ ದರ ಬರುವುದು ಈಜುಕೊಳದ ತೆಳು ಅಂಗಿಗಳಿಗೇ. ಅವುಗಳ ಬಣ್ಣವೂ ಕಿತ್ತಳೆಯೇ, ಸೀಟಿಯೂ ಇರುತ್ತದೆ, ಫೋಟೋದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ನಿರ್ದಿಷ್ಟತೆಯನ್ನು ಮೊದಲೇ ಬರೆಯದೆ ಕೇವಲ ‘ಲೈಫ್ ಜಾಕೆಟ್, ಇಷ್ಟು ಸಂಖ್ಯೆ’ ಎಂದು ಕೇಳಿದರೆ ಅವನ್ನು ತಿರಸ್ಕರಿಸಲು ಪಂಚಾಯತಿಗೆ ಆಧಾರವೇ ಉಳಿಯದು.

ಗ್ಯಾಸ್ ಸಿಲಿಂಡರಿನಿಂದ ಉಬ್ಬುವ ಜಾಕೆಟ್‌ಗಳು ಹಗುರವೂ ನೋಡಲು ಅಂದವೂ ಹೌದು. ಆದರೆ ಒಮ್ಮೆ ಉಬ್ಬಿದ ಮೇಲೆ ಸಿಲಿಂಡರ್ ಬದಲಿಸಬೇಕು, ಜಾಲಿ ಮುಳ್ಳಿಗೆ ತೂತು ಬಿದ್ದರೆ ಮುಗಿಯಿತು. ನಮ್ಮ ದಡಗಳಿಗೆ ಫೋಮಿನದೇ ಸರಿ.

ಅಳತೆಯ ವಿಷಯದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಸಾಗರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ಪ್ರಕಾರ 43 ಕೆ.ಜಿ. ಮತ್ತು ಅದಕ್ಕೂ ಹೆಚ್ಚು ತೂಕದವರದು ವಯಸ್ಕರ ಅಳತೆ, 15ರಿಂದ 43 ಕೆ.ಜಿ.ವರೆಗಿನದು ಮಕ್ಕಳದು, 15ಕ್ಕಿಂತ ಕಡಿಮೆಯದು ಶಿಶುಗಳದು. ವಯಸ್ಕರ ಜಾಕೆಟ್ಟನ್ನು 20 ಕೆ.ಜಿ. ತೂಕದ ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದ ಕ್ಷಣವೇ ಜಾಕೆಟ್ ಮೇಲೇರುತ್ತದೆ, ಮಗು ಕೆಳಗೆ ಜಾರುತ್ತದೆ. ಜಾಕೆಟ್ ತೇಲುತ್ತಿರುತ್ತದೆ, ಅದರೊಳಗೆ ಮಗು ಇರುವುದಿಲ್ಲ. ಮಕ್ಕಳ ಜಾಕೆಟ್‌ಗೆ ತೊಡೆಗಳ ನಡುವೆ ಹಾಯುವ ಪಟ್ಟಿ ಇರಲೇಬೇಕೆಂಬ ಷರತ್ತನ್ನು ನಿರ್ದಿಷ್ಟತೆಯಲ್ಲಿ ಸೇರಿಸುವುದು ಇದೇ ಕಾರಣಕ್ಕೆ. ಜೊತೆಗೆ ಸೀಟಿ, ಬೆಳಕು ಬಿದ್ದಾಗ ಹೊಳೆಯುವ ಪಟ್ಟಿ, ತುಕ್ಕು ಹಿಡಿಯದ ಬಕಲ್, ಹಡಗು ಮಹಾನಿರ್ದೇಶನಾಲಯ ಅಥವಾ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನ ಅನುಮೋದನಾ ಪತ್ರದ ಪ್ರತಿ ಇವನ್ನೂ ಕೇಳತಕ್ಕದ್ದು.

ಎಷ್ಟು ಕೊಳ್ಳಬೇಕು

ದಾಟುವ ಜನರ ಸಂಖ್ಯೆಯಷ್ಟು ಬೇಕಿಲ್ಲ. ಜಾಕೆಟ್ ದೋಣಿಗೆ ಸೇರಿದ್ದು, ಜನರಿಗಲ್ಲ. ಏರುವ ಮುನ್ನ ದಡದಲ್ಲಿ ತೊಟ್ಟು, ಆಚೆ ದಡದಲ್ಲಿ ಇಳಿದ ಮೇಲೆ ಬಿಚ್ಚಿ ದೋಣಿಗೇ ಹಾಕಿದರೆ ಅದು ಮುಂದಿನ ಸರದಿಗೆ ಮರಳುತ್ತದೆ. ಬೆಳಿಗ್ಗೆ ಎಲ್ಲರೂ ಹೊಲದ ಕಡೆಗೇ ಹೋಗುವುದರಿಂದ, ಅವರವರೇ ತೊಟ್ಟುಕೊಂಡು ಹೋದಲ್ಲಿ ಹತ್ತು ಗಂಟೆಯ ವೇಳೆಗೆ ಜಾಕೆಟ್‌ಗಳೆಲ್ಲ ಆಚೆ ದಡದ ಬದುವಿನ ಮೇಲೆ ಬಿದ್ದಿರುತ್ತವೆ, ಈಚೆ ದಡದಲ್ಲಿ ಒಂದೂ ಇರುವುದಿಲ್ಲ. ಆರು ಪ್ರಯಾಣಿಕರ ಮಿತಿಯ ದೋಣಿಗೆ ಅಂಬಿಗನದೂ ಸೇರಿ ಏಳು ವಯಸ್ಕರ ಜಾಕೆಟ್, ಮಕ್ಕಳಿಗೆ ಮೂರು, ಒಟ್ಟು ಹತ್ತು ಎಂಬುದು ಸಮಂಜಸವಾದ ಲೆಕ್ಕ.

ಈ ಲೆಕ್ಕಕ್ಕೆ ಮೊದಲು ಮಿತಿಯೇ ನಿಗದಿಯಾಗಬೇಕು. ಪೂರ್ತಿ ಜನ ಕುಳಿತಾಗ ದೋಣಿಯ ಅಂಚು ನೀರಿನ ಮೇಲೆ ಒಂದು ಗೇಣಾದರೂ ಉಳಿಯುವಂತೆ ಶಾಂತ ನೀರಿನಲ್ಲಿ ಕೂರಿಸಿ ನೋಡಿ, ಆ ಸಂಖ್ಯೆಯನ್ನು ದೋಣಿಯ ಮೇಲೆಯೇ ಬಣ್ಣದಲ್ಲಿ ಬರೆಯಿಸುವುದು ಉತ್ತಮ. ಜಾಕೆಟ್ ಇದೆಯೆಂಬ ಧೈರ್ಯದಿಂದ ಇನ್ನಿಬ್ಬರನ್ನು ಹತ್ತಿಸಿಕೊಂಡರೆ ಕೊಂಡದ್ದೇ ಅಪಾಯಕ್ಕೆ ದಾರಿಯಾಗುತ್ತದೆ. ಜಾಕೆಟ್ ದೋಣಿ ಮಗುಚುವುದನ್ನು ತಡೆಯದು.

ಹಣದ ಮೂಲಕ್ಕೆ ಬಂದರೆ, ಗ್ರಾಮ ಪಂಚಾಯತಿಯ ಸ್ವಂತ ಸಂಪನ್ಮೂಲ ಮೊದಲ ಆಯ್ಕೆ. ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಿ, ಸಾಮಾನ್ಯ ಸಭೆಯ ಠರಾವು ಪಡೆದು, ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರ ನಿಯಮಗಳಂತೆ ಕೊಳ್ಳತಕ್ಕದ್ದು. ನೋಂದಾಯಿತ ಮೀನುಗಾರರಿಗಾಗಿ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಸುರಕ್ಷತಾ ಕಿಟ್‌ಗೆ ಅವಕಾಶವಿರುವುದರಿಂದ, ಅಂಬಿಗರ ಜಾಕೆಟ್‌ಗಳ ಬಗ್ಗೆ ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯನ್ನು ಮೊದಲೇ ಕೇಳುವುದು ಒಳಿತು. ಪಂಚಾಯತಿಯೇ ಮೀನು ಹರಾಜು ಮಾಡುವ ಕೆರೆಗಳಲ್ಲಿ, ಜನರನ್ನು ಕೂರಿಸುವ ದೋಣಿಯಲ್ಲಿ ಜಾಕೆಟ್ ಕಡ್ಡಾಯವೆಂಬ ಷರತ್ತನ್ನು ಗುತ್ತಿಗೆ ಪತ್ರದಲ್ಲಿಯೇ ಸೇರಿಸಬಹುದು. ಇದಕ್ಕೆ ಯಾವ ಖರ್ಚೂ ಇಲ್ಲ.

ಬಂದ ಸರಕಿನ ಪರೀಕ್ಷೆ

ಬಿಲ್ಲು ಪಾಸು ಮಾಡುವ ಮುನ್ನ ಒಂದು ಪರೀಕ್ಷೆಯನ್ನು ಯಾವ ಪಂಚಾಯತಿಯೂ ತಾನೇ ಮಾಡಬಹುದು. ರವಾನೆಯಲ್ಲಿ ಬಂದ ವಯಸ್ಕರ ಜಾಕೆಟ್‌ಗಳಲ್ಲಿ ಎರಡನ್ನು ತಮಗೆ ಬೇಕಾದಂತೆ ಆಯ್ದು, ಭಾರ ಹೇರಿ 24 ಗಂಟೆ ಸಿಹಿನೀರಿನ ಟ್ಯಾಂಕಿನಲ್ಲಿ ಪೂರ್ತಿ ಮುಳುಗಿಸಿಡುವುದು. ಮರುದಿನ ಕಿರಾಣಿ ಅಂಗಡಿಯ 10 ಕೆ.ಜಿ. ಮತ್ತು 1 ಕೆ.ಜಿ.ಯ ಕಬ್ಬಿಣದ ತೂಕದ ಬಟ್ಟುಗಳನ್ನು ಈರುಳ್ಳಿಯ ಜಾಳಿಗೆ ಚೀಲದಲ್ಲಿ ಹಾಕಿ, ಜಾಕೆಟ್‌ಗೆ ಕಟ್ಟಿ, ಒಂದು ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ಆಳವಿರುವ ನೀರಿಗೆ ಇಳಿಬಿಡುವುದು. ಕಬ್ಬಿಣವು ನೀರಿಗಿಂತ ಸುಮಾರು 7.85 ಪಟ್ಟು ಸಾಂದ್ರ. ಹೀಗಾಗಿ 11 ಕೆ.ಜಿ. ಕಬ್ಬಿಣ ನೀರಿನಲ್ಲಿ ಸುಮಾರು 1.4 ಲೀಟರ್ ಜಾಗ ಹಿಡಿದು 9.6 ಕೆ.ಜಿ.ಯಷ್ಟೇ ತೂಗುತ್ತದೆ, ಅಂದರೆ 94 ನ್ಯೂಟನ್. ಒಂದು ದಿನ ನೀರಿನಲ್ಲಿ ನೆನೆದ ಜಾಕೆಟ್ ತನ್ನ ಬಲದಲ್ಲಿ ಶೇ. 5ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದೆಂಬುದು ಸೋಲಾಸ್ ನಿಯಮ. 100ರಲ್ಲಿ 5 ಕಳೆದರೆ 95. ಆದ್ದರಿಂದ ನಿಜವಾದ 100 ನ್ಯೂಟನ್ ಜಾಕೆಟ್ ಈ ಭಾರದೊಂದಿಗೆ ತೇಲಲೇಬೇಕು. ಮುಳುಗಿದರೆ ಇಡೀ ರವಾನೆಯನ್ನು ಹಿಂದಿರುಗಿಸಲು ಪಂಚನಾಮೆಯೇ ಸಾಕ್ಷಿ. ಮಕ್ಕಳ ಜಾಕೆಟ್‌ಗೆ ಈ ಭಾರ ಅನ್ವಯಿಸದು. ಅದರ ಲೇಬಲ್ ನೋಡಿ ಲೆಕ್ಕ ಹಾಕಬೇಕು. ಈ ಪರೀಕ್ಷೆಯ ಷರತ್ತನ್ನು ಖರೀದಿ ಆದೇಶದಲ್ಲಿ ಮೊದಲೇ ಬರೆದಿರಬೇಕೆಂಬುದನ್ನು ಮರೆಯಬಾರದು.

ತೊಡಿಸುವುದೇ ಕಷ್ಟದ ಕೆಲಸ

“ನಮಗ ಈಜು ಬರತೈತ್ರಿ, ಇದ್ಯಾಕ್ರಿ?” ಎಂಬ ಮಾತು ದಡದಲ್ಲಿ ಮೊದಲು ಕೇಳಿಬರುವುದು ಅಂಬಿಗನಿಂದಲೇ. ಈಜು ಬರುವವನ ಕೊರಳಿಗೆ ಈಜು ಬಾರದ ಇಬ್ಬರು ಜೋತುಬಿದ್ದಾಗ ಅವನ ಈಜು ನಡೆಯುವುದಿಲ್ಲ. ಅಂಬಿಗ ತೊಡದಿದ್ದರೆ ಉಳಿದವರಾರೂ ತೊಡುವುದಿಲ್ಲ; ಅವನು ತೊಟ್ಟು, ತೊಡದವರನ್ನು ಹತ್ತಿಸಿಕೊಳ್ಳುವುದಿಲ್ಲವೆಂದರೆ ವಾರದಲ್ಲಿ ರೂಢಿಯಾಗುತ್ತದೆ. ಮಹಿಳೆಯರ ಸಂಕೋಚವನ್ನು ನಗೆಯಾಡದೆ ಪರಿಗಣಿಸಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಜಾಕೆಟ್ ತೊಡುವ ಕ್ರಮವನ್ನು ಸ್ವಸಹಾಯ ಸಂಘದ ಮಹಿಳೆಯರಿಂದಲೇ ತೋರಿಸಿದರೆ ಕೆಲಸ ಸುಲಭ. ಮಳೆಯಲ್ಲಿ ಕಂಬಳಿ ಕೊಪ್ಪೆಯನ್ನು ಜಾಕೆಟ್‌ನ ಮೇಲೆ ಹಾಕಬಾರದು. ನೆನೆದ ಕಂಬಳಿ ಕೈಗಳನ್ನು ಕಟ್ಟಿಹಾಕುತ್ತದೆ. ಪಟ್ಟಿಗಳನ್ನು ಬಿಗಿದ ಮೇಲೆ ಎರಡೂ ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಗದ್ದಕ್ಕೆ ಏರಿದರೆ ಸಡಿಲವಿದೆಯೆಂದರ್ಥ.

ಜಾಕೆಟ್ ಇರಬೇಕಾದದ್ದು ದಡದಲ್ಲಿ, ನೆರಳಿನಲ್ಲಿ, ಹಗ್ಗಕ್ಕೆ ತೂಗುಹಾಕಿದ ಸ್ಥಿತಿಯಲ್ಲಿ. ಪಂಚಾಯತಿ ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ದಾಸ್ತಾನು ವಹಿ ಸರಿಯಿರುತ್ತದೆ. ಆದರೆ ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೊರಟವರಿಗೆ ಕೀಲಿಕೈ ಸಂತೆಗೆ ಹೋದವರ ಕಿಸೆಯಲ್ಲಿರುತ್ತದೆ. ಮೀನುಗಾರರ ಸಹಕಾರ ಸಂಘ ಅಥವಾ ದಡಕ್ಕೆ ಹತ್ತಿರದ ಮನೆಯವರ ವಶಕ್ಕೆ ಸಹಿ ಪಡೆದು ಕೊಡುವುದೇ ಲೇಸು. ದೋಣಿಯಲ್ಲಿ ಅವನ್ನು ಆಸನವಾಗಿ ಬಳಸುವ ಅಭ್ಯಾಸವನ್ನು ಮೊದಲ ದಿನವೇ ತಡೆಯಬೇಕು. ಮೇಲೆ ಕುಳಿತಷ್ಟೂ ಫೋಮ್ ಚಪ್ಪಟೆಯಾಗಿ ತೇಲುವ ಬಲ ಕಳೆಯುತ್ತದೆ. ಸತತ ಬಿಸಿಲಿಗೆ ಬಟ್ಟೆ ಮತ್ತು ಹೊಲಿಗೆ ಜೀರ್ಣವಾಗುತ್ತವೆ. ಉಳಿದದ್ದು ಇಲಿಗಳ ಕೆಲಸ.

2019ರ ಆಗಸ್ಟ್‌ನ ಪ್ರವಾಹದಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗದ ತಗ್ಗು ಪ್ರದೇಶಗಳನ್ನು ಹೊಕ್ಕಿದ್ದು ಸದಸ್ಯರ ನೆನಪಿನಲ್ಲಿದೆ. ಅಂಥ ಸಮಯದಲ್ಲಿ ಈ ಜಾಕೆಟ್‌ಗಳು ಸ್ಥಳಾಂತರಗೊಳ್ಳುವವರ ಮೈಮೇಲೆ ಉಪಯೋಗಕ್ಕೆ ಬರುತ್ತವೆ. ಆದರೆ ಇವನ್ನು ನಂಬಿ ಗ್ರಾಮದ ಯುವಕರು ರಭಸದ ಹರಿವಿಗೆ ಇಳಿಯುವಂತಿಲ್ಲ. ಅದಕ್ಕೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ಮತ್ತು ವಿಪತ್ತು ಪಡೆಗಳನ್ನು ಕರೆಸಬೇಕು. ಜಲಾಶಯದಿಂದ ನೀರು ಬಿಡುವ ಸೂಚನೆ ಬಂದ ದಿನ ಕೆಳದಂಡೆಯಲ್ಲಿ ದೋಣಿ ದಾಟುವುದನ್ನೇ ನಿಲ್ಲಿಸತಕ್ಕದ್ದು, ಜಾಕೆಟ್ ಇರಲಿ ಬಿಡಲಿ.

ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರ, ಮುಂಗಾರಿಗೆ ಮುನ್ನ, ಎಲ್ಲ ಜಾಕೆಟ್‌ಗಳ ಹೊಲಿಗೆ, ಬಕಲ್, ಸೀಟಿಗಳನ್ನು ನೋಡಿ, ಅನುಮಾನ ಬಂದವನ್ನು ಮೇಲಿನ ತೂಕದ ಪರೀಕ್ಷೆಗೆ ಒಡ್ಡಿ, ಫಲಿತಾಂಶವನ್ನು ವಹಿಯಲ್ಲಿ ದಾಖಲಿಸಬೇಕು. ತಿರಸ್ಕರಿಸಿದವುಗಳ ಪಟ್ಟಿಗಳನ್ನು ಅಂದೇ ಕತ್ತರಿಸಿ ಹಾಕಬೇಕು. ಹಾಗೆ ಮಾಡದಿದ್ದರೆ ಅವು ಮತ್ತೆ ಯಾವುದೋ ದೋಣಿಯನ್ನು ಸೇರಿ, ಯಾರೋ ನಂಬಿ ತೊಡುತ್ತಾರೆ.