ವಾಹನದ ಶೆಡ್ಡನ್ನು ವಾಸದ ಕೋಣೆಯಾಗಿ ಪರಿವರ್ತಿಸುವಾಗ ಪಾಲಿಸಬೇಕಾದ ನಿಯಮಗಳು

ಹಾಸನ ನಗರಕ್ಕೆ ಹೊಂದಿಕೊಂಡ ಗ್ರಾಮಗಳಲ್ಲಿ ಕಾರಿನ ಶೆಡ್ಡುಗಳು ಬಾಡಿಗೆ ಕೋಣೆಗಳಾಗುವುದುಂಟು. ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಮನೆಗೆ ಸೊಸೆ ಬಂದಾಗ ಟ್ರ್ಯಾಕ್ಟರ್ ಶೆಡ್ಡಿಗೆ ಗೋಡೆ ಎಬ್ಬಿಸುವುದೂ ಅಪರೂಪವಲ್ಲ. ಕಟ್ಟಡ ಮೊದಲೇ ಇರುವುದರಿಂದ ಪರವಾನಗಿ ಬೇಕಿಲ್ಲವೆಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದನ್ವಯ ಹೊಸ ಕಟ್ಟಡಕ್ಕಷ್ಟೇ ಅಲ್ಲದೆ, ಇರುವ ಕಟ್ಟಡವನ್ನು ಮಾರ್ಪಡಿಸಲು ಅಥವಾ ವಿಸ್ತರಿಸಲು ಸಹ ಗ್ರಾಮ ಪಂಚಾಯತಿಯ ಲಿಖಿತ ಅನುಮತಿ ಅಗತ್ಯ. ಶಟರ್ ತೆಗೆದು ಗೋಡೆ ಕಟ್ಟುವುದು, ಛಾವಣಿ ಎತ್ತರಿಸುವುದು ಮಾರ್ಪಾಡುಗಳೇ ಆಗಿವೆ.

ಗ್ರಾಮವು ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದೊಳಗಿದ್ದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೂ ಅನ್ವಯಿಸುತ್ತದೆ. ಶೆಡ್ಡು ಹೊಲದಲ್ಲಿದ್ದರೆ ಪರಿಶೀಲನೆ ಇನ್ನೂ ಮುಖ್ಯ. ಬೇಸಾಯದ ಅನುಕೂಲಕ್ಕೆಂದು ಕಟ್ಟಿದ್ದನ್ನು ಬಾಡಿಗೆದಾರರಿಗೆ ಕೊಡುವುದು ಬೇರೆ ಉಪಯೋಗವಾದುದರಿಂದ, 1964ರ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಡಿ ಭೂಪರಿವರ್ತನೆಯ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು.

ಆದರೆ ಕಾಗದಪತ್ರ ಸರಿಯಿದ್ದ ಮಾತ್ರಕ್ಕೆ ಶೆಡ್ಡು ವಾಸಯೋಗ್ಯವಾಗದು. ರಾಷ್ಟ್ರೀಯ ಕಟ್ಟಡ ಸಂಹಿತೆ, 2016 ಶಿಫಾರಸಿನ ಸ್ವರೂಪದ್ದಾದರೂ ಅದರ ಅಳತೆಗಳು ಇಲ್ಲಿ ಉಪಯುಕ್ತ. ಗ್ಯಾರೇಜಿನ ನೆಲ ಸುತ್ತಲಿನ ಭೂಮಿಗಿಂತ 15 ಸೆಂ.ಮೀ. ಎತ್ತರವಿದ್ದರೆ ಸಾಕು, ಮನೆಯ ಪ್ಲಿಂತ್ 45 ಸೆಂ.ಮೀ. ಇರಬೇಕು. ಗ್ಯಾರೇಜಿನ ಒಳ ಎತ್ತರ 2.4 ಮೀಟರ್ ಸಾಕು. ವಾಸದ ಕೋಣೆಗೆ 2.75 ಮೀಟರ್ ಬೇಕು. ತೊಡಕು ಇಲ್ಲಿಯೇ ಇದೆ. ಮಳೆನೀರು ಒಳಬಾರದಿರಲೆಂದು ನೆಲವನ್ನು 30 ಸೆಂ.ಮೀ. ಏರಿಸಿದರೆ ಒಳ ಎತ್ತರ 2.1 ಮೀಟರಿಗೆ ಇಳಿಯುತ್ತದೆ. ಹೀಗಾಗಿ ನೆಲ ಮತ್ತು ಛಾವಣಿ ಎರಡನ್ನೂ ಒಟ್ಟಿಗೆ ಎತ್ತರಿಸದ ನಕ್ಷೆಗೆ ಒಪ್ಪಿಗೆ ನೀಡುವುದು ಉಚಿತವಲ್ಲ.

ಗಾಳಿಯ ವಿಷಯದಲ್ಲಿ ರಿಯಾಯಿತಿ ಸಲ್ಲದು. ಕಿಟಕಿಗಳ ವಿಸ್ತೀರ್ಣ ಒಣ ಬಿಸಿ ಹವೆಯಲ್ಲಿ ನೆಲದ ಹತ್ತನೇ ಒಂದು ಭಾಗ, ತೇವದ ಬಿಸಿ ಹವೆಯಲ್ಲಿ ಆರನೇ ಒಂದು ಭಾಗ ಇರಬೇಕು. 3 ಮೀಟರ್ ಅಗಲ, 5 ಮೀಟರ್ ಉದ್ದದ ಶೆಡ್ಡಿಗೆ ಕನಿಷ್ಠ 1.5 ಚದರ ಮೀಟರ್ ತೆರಪು ಬೇಕು. ಶೆಡ್ಡಿನಲ್ಲಿ ಬಿಟ್ಟಿರುವ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಒಂದು ಗವಾಕ್ಷಿ 0.18 ಚದರ ಮೀಟರ್ ಮಾತ್ರ. ಮಾಗಿಯ ಚಳಿಯಲ್ಲಿ ಬಾಣಂತಿಯ ಕೋಣೆಗೆ ಕೆಂಡ ಇಡುವ ರೂಢಿ ನಮ್ಮ ಕಡೆ ಇನ್ನೂ ಉಳಿದಿದೆ. ಕೆಂಡದಿಂದಲೂ ಎಂಜಿನ್ನಿನ ಹೊಗೆಯಿಂದಲೂ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ನಿದ್ರಿಸುವವರ ಪ್ರಾಣಕ್ಕೆ ಅಪಾಯ. ಅರ್ಧ ಶೆಡ್ಡಿನಲ್ಲಿ ವಾಹನ, ಉಳಿದರ್ಧದಲ್ಲಿ ಮಂಚ ಎಂಬ ಏರ್ಪಾಡಿಗೆ ಅನುಮತಿ ಕೊಡಬಾರದೆಂಬುದು ಇದೇ ಕಾರಣಕ್ಕೆ. ಶಟರ್ ಒಂದೇ ಹೊರದಾರಿಯಾಗಿರುವುದೂ ಅಷ್ಟೇ ಅಪಾಯಕರ. ಒಳಗಿನಿಂದ ತೆರೆಯಬಲ್ಲ ಬಾಗಿಲು ಇರಲೇಬೇಕು.

ಪರಿವರ್ತನೆಯ ನಂತರ ಕಟ್ಟಡ ತೆರಿಗೆಯನ್ನು ಪರಿಷ್ಕರಿಸಬೇಕು. ತೆರಿಗೆ ರಸೀದಿಯನ್ನೇ ಪರವಾನಗಿಯೆಂದು ತೋರಿಸುವವರಿದ್ದಾರೆ. ತೆರಿಗೆ ಪಾವತಿಯಿಂದ ಅನಧಿಕೃತ ಕಟ್ಟಡ ಸಕ್ರಮವಾಗುವುದಿಲ್ಲ.

ಅರ್ಜಿಯು ಸಭೆಗೆ ಬರುವ ಮುನ್ನ ವಾರ್ಡಿನ ಸದಸ್ಯರು ಟೇಪು ಹಿಡಿದು ಸ್ಥಳ ನೋಡುವುದು ಒಳಿತು. ಜನರು ಈಗಾಗಲೇ ವಾಸವಿರುವ ಶೆಡ್ಡು ಕಂಡುಬಂದಲ್ಲಿ, ನೋಟಿಸಿನ ಕ್ರಮ ಮುಂದುವರಿಯುತ್ತಿರುವಾಗಲೇ ಕಿಟಕಿ ತೆರೆಸುವ, ಕೆಂಡ ಮತ್ತು ವಾಹನಗಳನ್ನು ಹೊರಗಿಡಿಸುವ ತಿಳಿವಳಿಕೆಯನ್ನು ಅದೇ ದಿನ ನೀಡತಕ್ಕದ್ದು.